ಬೇರಿನ ಗಂಟುಗಳು

ಚಾಕೋ ಸೀಮೆಯ ಕೃಷಿ ಕೇಂದ್ರದಲ್ಲಿ ಕೃಷಿ ಇಂಜಿನಿಯರಾಗಿ ಎರ್ಮೆಲಿಂಡಾ ಸೋಸಾ ಇಪ್ಪತ್ತಾರು ವರ್ಷದಿಂದ ಮಣ್ಣು ನೋಡುತ್ತಿದ್ದಳು. ಸೋಯಾ ಗಿಡವನ್ನು ಬುಡಸಮೇತ ಕಿತ್ತು, ಬೇರು ತೊಳೆದು, ಅದಕ್ಕಂಟಿದ ಸಣ್ಣ ಗಂಟುಗಳನ್ನು ಎಣಿಸುವುದು ಅವಳ ಕೆಲಸ. ಆ ಗಂಟುಗಳೊಳಗೆ ಮನೆ ಮಾಡಿಕೊಂಡ ಜೀವಾಣುಗಳು ಗಾಳಿಯಿಂದ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತವೆ. ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಕೆಂಪಗಿರಬೇಕು. ಬೂದಿಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಕೆಲಸ ನಿಂತಿದೆ ಎಂದೇ ಲೆಕ್ಕ.

ಸುತ್ತಲ ಹೊಲಗಳಿಗೆಲ್ಲ ಕುಲಾಂತರಿ ಸೋಯಾ ಬಂದಾಗಿತ್ತು. ಕಳೆನಾಶಕ ಹೊಡೆದರೆ ಕಳೆ ಸಾಯುತ್ತದೆ, ಆ ಸೋಯಾ ಸಾಯುವುದಿಲ್ಲ. ಹಳೆಯ ಬೀಜ ಬಿಡದೆ ಉಳಿದವನು ಎವಾರಿಸ್ತೋ ಕೊವಾಲ್ಯೂಕ್ ಒಬ್ಬನೇ. ಎರ್ಮೆಲಿಂಡಾಳ ಮಗಳ ಜ್ಞಾನಸ್ನಾನದಲ್ಲಿ ಕೂಸನ್ನು ಎತ್ತಿಕೊಂಡವನು ಅವನು. ಅಂದಿನಿಂದ ಅವಳನ್ನು ಕೊಮಾದ್ರೆ, ಅಂದರೆ ಕೂಸಿನ ನಂಟಿನಿಂದ ಬೀಗತಿಯಾದವಳು, ಎಂದೇ ಕರೆಯುತ್ತಿದ್ದ.

ಏಳು ವರ್ಷ ಅವಳು ಮೂರು ಕಡೆಯ ಮಣ್ಣು ತಂದಳು. ಒಂದು ಎವಾರಿಸ್ತೋನ ಹೊಲ, ಇನ್ನೊಂದು ಪಕ್ಕದ ದೊಡ್ಡ ಎಸ್ಟೇಟಿನ ಕುಲಾಂತರಿ ಹೊಲ. ಮೂರನೆಯದು ಕೇಂದ್ರದ್ದೇ ಒಂದು ನೆಲದ ಪಟ್ಟಿ. ಅಲ್ಲಿ ಅದೇ ಕುಲಾಂತರಿ ಬೀಜ ಬಿತ್ತಿ, ಕಳೆ ಔಷಧಿಯ ಹನಿಯನ್ನೂ ಸೋಕಿಸದೆ, ಅವಳೇ ಕೂತು ಕೈಯಿಂದ ಕಳೆ ಕಿತ್ತಳು. ಮಣ್ಣಿಗೆ ಕೇಡು ಬೀಜದಿಂದಲೋ ಔಷಧಿಯಿಂದಲೋ ಎಂಬುದಕ್ಕೆ ಉತ್ತರ ಸ್ಪಷ್ಟವಾಗಿ ಸಿಕ್ಕಿತು. ಕೇಂದ್ರದ ಪಟ್ಟಿಯ ಮಣ್ಣೂ ಎವಾರಿಸ್ತೋನ ಮಣ್ಣೂ ಒಂದೇ ಸಮ ಜೀವಂತವಾಗಿದ್ದವು. ಎಸ್ಟೇಟಿನ ಗಿಡಗಳಲ್ಲಿ ಮಾತ್ರ ಗಂಟುಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು. ಬೇರಿಗೆ ನೀರು ದಾಟಿಸುವ ಶಿಲೀಂಧ್ರದ ಎಳೆಗಳೂ ತೆಳುವಾಗಿದ್ದವು. ಅವಳು ವರದಿಯಲ್ಲಿ ಬರೆದಳು: ಬೀಜ ತಾನಾಗಿ ಮಣ್ಣಿನ ಜೀವಿಗಳಿಗೆ ಕೇಡು ಮಾಡಿಲ್ಲ, ಆದರೆ ಆ ಬೀಜದ ಧೈರ್ಯದ ಮೇಲೆ ವರ್ಷವರ್ಷ ಸುರಿದ ಔಷಧಿ ಮಾಡಿದೆ.

ಕೇಂದ್ರದ ನಿರ್ದೇಶಕ ಬರ್ರೆನೆಚೆಯಾ ವರದಿ ಓದಿ ಅವಳನ್ನು ಕರೆಸಿ, ತನ್ನ ಕೈಯಾರೆ ಮಾತೆ ಎಂಬ ಎಲೆಯ ಕಷಾಯ ಬೆರೆಸಿ ಕುಡಿಸಿದ. ರೈತರ ದಿನಾಚರಣೆಗೆ ವೇದಿಕೆಯ ಮೇಲೆ ಕೂರಬೇಕೆಂದ. ಅವಳು ಒಳ್ಳೆಯ ಉಡುಪು ಇಸ್ತ್ರಿ ಮಾಡಿಕೊಂಡು ಹೋದಳು.

ಇನ್ನೂರು ಜನ ಸೇರಿದ್ದರು. ಹಿಂದೆ ಕೆಂಡದ ಮೇಲೆ ದನದ ಪಕ್ಕೆಲುಬು ಬೇಯುತ್ತಿತ್ತು. ಬರ್ರೆನೆಚೆಯಾ ಅವಳ ವಾಕ್ಯವನ್ನು ಓದಿದ, ಅರ್ಧಕ್ಕೆ ನಿಲ್ಲಿಸಿದ. ಬೀಜ ಮಣ್ಣಿಗೆ ಕೇಡು ಮಾಡಿಲ್ಲ, ಅಷ್ಟೇ. ಆಮೇಲೆ ಮೈಕನ್ನು ಅವಳ ಮುಂದೆ ಹಿಡಿದ.

"ಇದು ನಿಮ್ಮದೇ ಮಾತು ತಾನೇ, ಸೆನ್ಯೋರಾ? ಹೌದೋ ಅಲ್ವೋ, ಅಷ್ಟು ಹೇಳಿ ಸಾಕು."

ಮೂರನೇ ಸಾಲಿನಲ್ಲಿ ಎವಾರಿಸ್ತೋ ಕೂತಿದ್ದ. ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ.

"ಹೌದು," ಎಂದಳು ಎರ್ಮೆಲಿಂಡಾ. "ಆದ್ರೆ" ಎನ್ನುವಷ್ಟರಲ್ಲಿ ಮೈಕು ಹೋಗಿತ್ತು, ಚಪ್ಪಾಳೆ ಬಂದಿತ್ತು. ಎದ್ದು ನಿಂತು ಕೂಗಬಹುದಿತ್ತು. ನಿವೃತ್ತಿಗೆ ಮೂರೇ ವರ್ಷ ಉಳಿದಿತ್ತು. ಅವಳು ಕೂತೇ ಇದ್ದಳು.

ಆ ವಾರವೇ ಎವಾರಿಸ್ತೋ ಹೊಸ ಬೀಜಕ್ಕೆ ಹೇಳಿಕಳಿಸಿದ ಎಂದು ಊರಲ್ಲಿ ಸುದ್ದಿಯಾಯಿತು. ಪಾಪ, ಮೋಸ ಹೋದ ಎಂದುಕೊಂಡು ಅವಳು ಅವನ ಮನೆಗೆ ಓಡಿದಳು. ಅವನು ಅಂಗಳದಲ್ಲಿ ಕೂತು ಗುದ್ದಲಿಗೆ ಹಿಡಿ ಹಾಕುತ್ತಿದ್ದ. ವರದಿಯ ಉಳಿದರ್ಧವನ್ನು ಅವಳು ಒಂದೇ ಉಸಿರಿಗೆ ಹೇಳಿದಳು. ಅವನು ಕೆಲಸ ನಿಲ್ಲಿಸಲಿಲ್ಲ.

"ಗೊತ್ತು. ಮಣ್ಣು ತಗೊಳ್ಳೋಕೆ ಬಂದಾಗ ಬಾವಿ ಕಟ್ಟೆ ಮೇಲೆ ಕೂತ್ಕೊಂಡು ನೀನೇ ಹೇಳಿದ್ಯಲ್ಲ. ವೇದಿಕೆ ಮೇಲೂ ಹೇಳ್ತೀಯೇನೋ ಅಂತ ಕಾಯ್ತಾ ಇದ್ದೆ."

"ಮತ್ಯಾಕೆ ತರಿಸ್ದೆ?"

"ಎಸ್ಟೇಟಿನವರ ಔಷಧಿ ಗಾಳೀಲಿ ಬಂದು ಪ್ರತಿ ವರ್ಷ ಬೇಲಿ ಪಕ್ಕದ ನನ್ನ ಬೆಳೆ ಸುಡತ್ತೆ. ಈ ಬೀಜ ಆದ್ರೆ ಸುಡಲ್ಲ. ಗೊತ್ತಿರೋಳು ಒಬ್ಬಳು ನಮ್ಮ ಕಡೆ ಇದಾಳೆ ಅಂತ ತಡ್ಕೊಂಡಿದ್ದೆ. ಈಗ ಯಾರ ಮುಖ ನೋಡ್ಕೊಂಡು ತಡ್ಕೊಳ್ಳಲಿ?"

ಅವನ ಹೊಲದಲ್ಲಿ ಹೊಸ ಬೀಜ ಬಿತ್ತನೆಯಾಯಿತು, ಔಷಧಿಯೂ ಬಿತ್ತು. ಎರಡು ಬೆಳೆ ಕಳೆದ ಮೇಲೆ ಎವಾರಿಸ್ತೋನೇ ಹೇಳಿಕಳಿಸಿದ, ಬಂದು ನೋಡಲಿ ಎಂದು. ಕೋಪ ಇಳಿದಿರಬೇಕು ಎಂದುಕೊಂಡು ಅವಳು ಅವನ ಹೆಂಡತಿಗೆ ಪೇರಲೆ ಮಿಠಾಯಿ ಕಟ್ಟಿಸಿಕೊಂಡು ಹೋದಳು. ಅವನು ಮಿಠಾಯಿ ಈಸಿಕೊಳ್ಳಲಿಲ್ಲ. ಸೀದಾ ಹೊಲದ ಮೊದಲ ಸಾಲಿಗೆ ಕರೆದೊಯ್ದ.

"ಕೀಳು. ಗಟ್ಟಿಯಾಗಿ ಎಣ್ಸು, ನಂಗೆ ಕೇಳ್ಬೇಕು."

ಇದೇ ಸಾಲಿನಲ್ಲಿ ಹಿಂದೆ ಗಿಡಕ್ಕೆ ನಲವತ್ತು ಗಂಟು ಕಂಡಿದ್ದಳು. ಮೊದಲ ಗಿಡದಲ್ಲಿ ಹದಿನಾಲ್ಕು ಸಿಕ್ಕಿದವು. ಎರಡನೆಯದರಲ್ಲಿ ಒಂಬತ್ತು, ಸೀಳಿದರೆ ಆರು ಬೂದಿ. ಮೂರನೆಯದರಲ್ಲಿ ಹನ್ನೊಂದು. ಸಾಕು, ಗೊತ್ತಾಯಿತು ಎಂದಳು.

"ಸಾಲು ಇನ್ನೂ ಇದೆ, ಇಂಜಿನಿಯರಮ್ಮ," ಎಂದ ಅವನು. ಕೊಮಾದ್ರೆ ಎನ್ನಲಿಲ್ಲ.

ಅವಳು ಮಂಡಿಯೂರಿದಳು. ಮಣ್ಣು ಹೆಂಟೆಹೆಂಟೆಯಾಗಿ ಏಳುತ್ತಿತ್ತು. ಉಗುರಿನ ಸಂದಿಯಿಂದ ರಕ್ತ ಜಿನುಗಿತು. ಹತ್ತು. ಏಳು. ಹನ್ನೆರಡು. ಐದು. ಬೆನ್ನ ಹಿಂದೆ ಅವನು ನಿಂತಿದ್ದಾನೆಂದುಕೊಂಡು ತಿರುಗಿ ನೋಡುವ ಧೈರ್ಯವೂ ಇಲ್ಲದೆ, ಹಾಜರಿ ಕರೆದಾಗ ಓಗೊಡುವಂತೆ ಗಟ್ಟಿಯಾಗಿ ಎಣಿಸುತ್ತ ಗಿಡದಿಂದ ಗಿಡಕ್ಕೆ ತೆವಳಿದಳು. ಬಿಸಿಲು ನೆತ್ತಿಗೆ ಬಂತು.

ಸಾಲು ಮುಗಿದ ಮೇಲೆ ಎದ್ದು ತಿರುಗಿದಳು. ಹಿಂದೆ ಯಾರೂ ಇರಲಿಲ್ಲ. ಹೊಲದಂಚಿನಲ್ಲಿ ಎವಾರಿಸ್ತೋನ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಊಟಕ್ಕೆ ತಟ್ಟೆ ಹಾಕುವ ಸದ್ದು ಕೇಳುತ್ತಿತ್ತು. ಅವನು ಯಾವ ಗಿಡದ ಹೊತ್ತಿಗೆ ಹೊರಟು ಹೋದನೆಂದು ಅವಳಿಗೆ ತಿಳಿಯಲಿಲ್ಲ.