ಜಮಾಲ್ ಸಾಬರ ತಗಡಿನ ಅಂಗಿ

ದಾವಣಗೆರೆಯ ಆ ವಾಚನಾಲಯದಲ್ಲಿ ‘ಮಾತನಾಡಬಾರದು’ ಎಂದು ಬೋರ್ಡು ಹಾಕಿದ್ದರು. ಬಿ.ಎ. ಮುಗಿಸಿ ನಾನು ಅಲ್ಲಿ ಕೆಲಸಕ್ಕೆ ಸೇರಿದ್ದು ಆ ಬೋರ್ಡನ್ನು ನೋಡಿಯೇ.

ಊರು ಬಿಟ್ಟು ಹೋದ ಮಿಲ್ಲಿನ ಎಂಜಿನಿಯರೊಬ್ಬರು ಕೊಟ್ಟಿದ್ದ ಪುಸ್ತಕಗಳಲ್ಲಿ ಒಂದು ದಪ್ಪ ಚಿತ್ರಪುಸ್ತಕವಿತ್ತು. ಅದರ ತುಂಬ ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿರುವ ಲೋಹಕವಚಗಳ ಫೋಟೋಗಳು. ಅದರಲ್ಲೂ ಐನೂರು ವರ್ಷ ಹಿಂದಿನ, ಗಾಥಿಕ್ ಎಂದು ಕರೆಯುವ ಶೈಲಿಯ ಒಂದು ಜರ್ಮನ್ ಕವಚದ ಎದುರು ನಾನು ದಿನಕ್ಕೆ ಒಂದು ಗಂಟೆಯಾದರೂ ಕಳೆಯುತ್ತಿದ್ದೆ. ತಲೆಯಿಂದ ಕಾಲಿನವರೆಗೆ ಉಕ್ಕು. ಎದೆಯ ಮೇಲೆ ಬೀಸಣಿಗೆ ಬಿಚ್ಚಿದ ಹಾಗೆ ಗೆರೆಗಳು. ಪಾದದ ತುದಿ ಮೆಣಸಿನಕಾಯಿಯಂತೆ ಚೂಪು. ಶಿರಸ್ತ್ರಾಣದಲ್ಲಿ ಕಣ್ಣಿಗೆ ಒಂದು ಸೀಳು ಬಿಟ್ಟಿದ್ದರು, ಬಾಯಿಗೆ ಏನೂ ಬಿಟ್ಟಿರಲಿಲ್ಲ. ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಉಡುಪು ಇರಲಾರದು ಎಂದು ನನಗೆ ಅನ್ನಿಸುತ್ತಿತ್ತು.

ಒಂದು ದಿನ ಕಪಾಟಿನ ಚಿಲಕ ರಿಪೇರಿಗೆ ಟ್ರಂಕು ಮಾಡುವ ಜಮಾಲ್ ಸಾಬರು ಬಂದರು. ಕೆಲಸ ಮುಗಿಸಿ ಹೊರಟವರು ನನ್ನ ಮೇಜಿನ ಮೇಲೆ ತೆರೆದಿದ್ದ ಪುಟ ನೋಡಿ ನಿಂತುಬಿಟ್ಟರು.

“ಬಿಯೇ ಸಾಹೇಬ್ರೆ, ಈ ತಗಡು ಎಷ್ಟು ದಪ್ಪ ಐತೆ?”

“ತೆಳ್ಳಗಿದೆ ಅಂತ ಬರೆದಿದ್ದಾರೆ.”

“ತೆಳುನೇ. ಅದಕ್ಕೇ ಗೆರೆ ಎಳೆದಾನೆ. ನಾನು ಟ್ರಂಕಿನ ಮುಚ್ಚಳಕ್ಕೆ ಯಾಕ ಗೆರೆ ಹೊಡೀತೀನಿ, ಚಂದಕ್ಕಾ? ಗೆರೆ ಹೊಡೆದ್ರೆ ತೆಳು ತಗಡೂ ಬಗ್ಗಂಗಿಲ್ಲ. ಇವ ನಮ್ಮೋನೇ ಬಿಡ್ರಿ!”

ಮಾರನೆಯ ದಿನ ಮಧ್ಯಾಹ್ನದ ನಮಾಜು ಮುಗಿಸಿ ಮತ್ತೆ ಬಂದರು. ಆಮೇಲೆ ದಿನಾ ಬಂದರು. ಒಂದು ಫೋಟೋದಲ್ಲಿ ವಸ್ತುಸಂಗ್ರಹಾಲಯದ ಹಜಾರವೇ ಇತ್ತು. ಕವಚ ಗಾಜಿನೊಳಗೆ ನಿಂತಿತ್ತು, ಎದುರಿಗೆ ಒಬ್ಬ ಬಿಳಿ ದೊರೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

“ಇವ ಕೊಳ್ಳಾಕ ಬಂದಾನಾ?”

“ಇಲ್ಲ, ನೋಡೋಕೆ.”

“ಬರೀ ನೋಡಾಕ?” ಸಾಬರು ಪುಟದ ಹತ್ತಿರಕ್ಕೆ ಬಗ್ಗಿದರು. “ಮೂವತ್ತು ವರ್ಷ ಆತು ಟ್ರಂಕು ಮಾಡಾಕ ಹತ್ತಿ. ಬಂದೋರು ಬೆರಳಾಗೆ ಬಡೀತಾರೆ, ಮ್ಯಾಲೆ ಕುಂತು ನೋಡ್ತಾರೆ, ಹೊತ್ಕಂಡು ಹೋಗ್ತಾರೆ. ಒಬ್ಬನಾದ್ರೂ ಹಿಂಗೆ ನಿಂತು ನೋಡಿಲ್ಲ. ಒಬ್ಬ ನೋಡ್ಲಿ, ಸಾಕು.”

ಹೀಗೆ ಕವಚ ಮಾಡುವ ಕೆಲಸ ಶುರುವಾಯಿತು. ಅಳತೆಗೆ ನನ್ನನ್ನೇ ನಿಲ್ಲಿಸಿಕೊಂಡರು. ಅಷ್ಟು ಸಣ್ಣ ನಡು ಊರಿನಲ್ಲಿ ಇನ್ಯಾರಿಗೂ ಇಲ್ಲ ಎಂದರು. ಅವರ ಹೆಂಡತಿ ಅಮೀನಾಬೀ ನನ್ನನ್ನು ಕಂಡಾಗಲೆಲ್ಲ, “ಮದುವಿ ದಿನದಾಗೆ ಟ್ರಂಕು ಮಾಡಾದು ಬಿಟ್ಟು, ಸತ್ತ ಬಿಳಿಯನಿಗೆ ಅಂಗಿ ಹೊಲೀತಾ ಕುಂತಾರೆ. ನಿಮ್ಮ ಬುಕ್ಕಿಗಷ್ಟು ಬೆಂಕಿ ಹಾಕ!” ಎಂದು ಬೈದು, ಚಹಾ ಕೊಡುತ್ತಿದ್ದರು.

ಎರಡು ತಿಂಗಳಿಗೆ ಮುಂಭಾಗ ಮುಗಿಯಿತು. ನಾನು ಪುಸ್ತಕ ಪಕ್ಕದಲ್ಲಿ ಹಿಡಿದು ಗೆರೆ ಗೆರೆ ಹೋಲಿಸಿದೆ. ಆದರೆ ಪುಸ್ತಕದ ಯಾವ ಫೋಟೋದಲ್ಲೂ ಬೆನ್ನು ಕಾಣುತ್ತಿರಲಿಲ್ಲ. ಚರ್ಮದ ಪಟ್ಟಿಗಳಿರಬಹುದು ಎಂದೆ.

“ಪಟದಾಗೆ ಐತಾ?”

“ಇಲ್ಲ.”

“ಮತ್ತೆ?”

ಬೆನ್ನಿಗೆ ಅವರ ಕೈಗೆ ಗೊತ್ತಿದ್ದುದನ್ನೇ ಮಾಡಿದರು. ಟ್ರಂಕಿನ ಮುಚ್ಚಳದಂತೆ ಬಿಜಾಗರಿ, ಬೀಗ ಹಾಕಲು ಚಿಲಕ, ಎತ್ತಲು ಹಿಡಿಕೆ. ಇರುವೆ ನುಗ್ಗದ ಹಾಗೆ ಪ್ರತಿ ಸಂದಿಗೂ ಬೆಸುಗೆ. ಆಗಲೇ ನಾನು ಏನಾದರೂ ಹೇಳಬೇಕಿತ್ತು. ಮೌನ ನನಗೆ ಇಷ್ಟ. ಹೇಳಲಿಲ್ಲ.

ಹರಿಹರದಲ್ಲಿ ರೈತರ ವಸ್ತುಪ್ರದರ್ಶನವಿತ್ತು. ಅಲ್ಲಿ ನೋಡುವವರು ಸಿಕ್ಕಾರೆಂದು ಬಸ್ಸಿನ ಮೇಲೆ ಹಗ್ಗ ಬಿಗಿದು ಒಯ್ದೆವು. ಪ್ರದರ್ಶನದ ಕಾರ್ಯದರ್ಶಿ ಉಜ್ಜನಪ್ಪ ರಿಜಿಸ್ಟರು ಹಿಡಿದು ಬಂದರು.

“ಏನ್ರಿ ಇದು?”

“ಕವಚ,” ಎಂದೆ.

ಅವರು ಹಿಂದಕ್ಕೆ ಸುತ್ತಿ ಹೋಗಿ ಚಿಲಕ ಎಳೆದು, ಹಿಡಿಕೆ ಅಲ್ಲಾಡಿಸಿದರು. ಮುಖ ಅರಳಿತು. “ಕಾಳು ತುಂಬಾದು ಅಂತ ಮದ್ಲೇ ಹೇಳಬಾರದಾ! ಕೈಕಾಲು ಯಾಕ ಮಾಡೀರಿ, ಬ್ಯಾರೆ ಬ್ಯಾರೆ ಕಾಳಿಗಾ? ಭೇಷ್ ಐತೆ. ನಂಬರ್ ನಲವತ್ತೇಳು, ಧಾನ್ಯ ಸಂಗ್ರಹಣೆ.”

ಬಾಯಿ ತೆರೆಯುವಷ್ಟರಲ್ಲಿ ಕವಚವನ್ನು ಔಷಧಿ ಹೊಡೆಯುವ ಪಂಪಿಗೂ ಇಲಿ ನುಗ್ಗದ ಕಣಜಕ್ಕೂ ನಡುವೆ ನಿಲ್ಲಿಸಿಯಾಗಿತ್ತು. ಕೊಂಡಜ್ಜಿ ಕಡೆಯ ರೈತರು ಗುಂಪಾಗಿ ಬಂದರು. ಎಲ್ಲರೂ ಬಡಿದು ನೋಡಿದರು.

“ಎಷ್ಟು ಸೇರು ಹಿಡಿತೈತೆ?”

“ಕಾಲಾಗೆ ಹೆಸರು, ತಲ್ಯಾಗೆ ಸಾಸಿವಿ ಹಾಕ್ಬೌದು.”

“ಇಲಿ ಬಂದ್ರೆ ತಾನೇ ಒದೀತೈತೇನ್ರಿ ಸಾಬ್ರೆ?”

ಮಧ್ಯಾಹ್ನದ ಹೊತ್ತಿಗೆ ಜಮಾಲ್ ಸಾಬರು ಡೇರೆಯ ಬಟ್ಟೆಯ ಕಡೆ ಮುಖ ಮಾಡಿ ಕೂತಿದ್ದರು. “ಊರಿಗೆ ಹೋಗಾನ ನಡ್ರಿ,” ಎಂದರು.

ಅಷ್ಟರಲ್ಲಿ ಒಬ್ಬ ಬಂದು ನಿಂತ. ಸಾರಥಿ ಎಂಬ ಹಳ್ಳಿಯ ಕಮ್ಮಾರ ಮೈಲಪ್ಪ ಎಂದು ಆಮೇಲೆ ತಿಳಿಯಿತು. ಅವನು ಬಡಿಯಲಿಲ್ಲ, ಏನೂ ಕೇಳಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಎದೆ ನೋಡಿದ, ಭುಜ ನೋಡಿದ, ಬಗ್ಗಿ ಪಾದ ನೋಡಿದ. ಹೀಗೆ ಅರ್ಧ ಗಂಟೆಯಾಯಿತು. ಸಾಬರು ನನ್ನ ತೋಳು ಹಿಡಿದುಕೊಂಡರು. “ನೋಡಾಕ ಹತ್ಯಾನೆ. ಮಾತಾಡಿಸಬ್ಯಾಡ್ರಿ!” ನಾನು ಹಾಗೆ ಯಾರನ್ನಾದರೂ ಮಾತಾಡಿಸುವವನೇ?

ಕೊನೆಗೆ ಮೈಲಪ್ಪನೇ ತಿರುಗಿದ. “ಮಾಡಿದೋರು ಯಾರ್ರಿ?”

“ನಾನೇ.”

“ಎದಿ ಚಲೋ ಐತೆ. ಒಂದು ಗೆರಿನೂ ತಪ್ಪಿಲ್ಲ.” ಸಾಬರ ಕಣ್ಣು ತುಂಬಿ ಬಂತು. “ಆದ್ರ ಮೊಣಕೈ ಸುಳ್ಳು.”

“ಏನಂದ್ರಿ?”

“ಸುಳ್ಳು ಅಂದೆ. ಬಗ್ಗಂಗಿಲ್ಲ ಇದು. ತಗಡು ಒಂದ್ರ ಮ್ಯಾಲೊಂದು ಜಾರಬೇಕು. ನೀವು ಬೆಸುಗಿ ಹಾಕಿ ಕುಂದ್ರಿಸೀರಿ. ಇದರಾಗೆ ಹೊಕ್ಕೋನು ಮೂಗು ತುರಿಸ್ಕಳಾಕೂ ಬರಂಗಿಲ್ಲ.”

“ಇರುವಿ ಹೋಗಬಾರ್ದು ಅಂತ ಹಾಕೀನಿ!”

“ಯುದ್ಧಕ್ಕ ಹೊಂಟೋನಿಗೆ ಇರುವಿ ಚಿಂತಿ ಏನೋ ಮಾರಾಯ?”

ಜಗಳ ಏರುತ್ತಾ ಹೋಯಿತು. ಯಾವ ಮಾತಿಗೆ ಇಬ್ಬರೂ ‘ನೀವು’ ಬಿಟ್ಟು ‘ನೀನು’ ಹಿಡಿದರೋ ನನಗೆ ತಿಳಿಯಲಿಲ್ಲ. ಮೂವತ್ತು ವರ್ಷದಲ್ಲಿ ಸಾಬರ ಕೆಲಸದ ಜೊತೆ ಯಾರೂ ಜಗಳವಾಡಿರಲಿಲ್ಲ. ಅವರ ಮುಖ ಮದುಮಗನ ಮುಖದಂತಾಗಿತ್ತು. ಪಕ್ಕದ ಚಹಾದಂಗಡಿಯಿಂದ ಕೆಂಡ ತಂದು, ನೆಲದ ಮೇಲೆ ಕೂತು, ಬೆಸುಗೆ ಕರಗಿಸಿ ಮೊದಲು ಬಲಗೈ ಬಿಚ್ಚಿದರು. ಆಮೇಲೆ ಎಡಗೈ, ಭುಜ, ತಲೆ.

ಉಜ್ಜನಪ್ಪ ಓಡಿ ಬಂದರು. ಹಿಂದೆ ಮೂವರು ತೀರ್ಪುಗಾರರು.

“ಸಾಬ್ರೆ, ಏಳ್ರಿ! ಜಡ್ಜುಗಳು ಬಂದ್ರು, ನಿಲ್ಸ್ರಿ ಅದನ್ನ!”

“ತಡೀರಿ ಸ್ವಲ್ಪ, ಮೊಣಕೈ ಬಗ್ಗಾಕ ಹತ್ತೈತೆ,” ಎಂದರು ಸಾಬರು, ತಲೆಯೆತ್ತದೆ.

ತೀರ್ಪುಗಾರರಲ್ಲಿ ಹಿರಿಯರು ತಗಡಿನ ರಾಶಿಯನ್ನು ದಿಟ್ಟಿಸಿ ನನ್ನನ್ನು ಕೇಳಿದರು: “ಇದರಲ್ಲಿ ನಲವತ್ತೇಳು ಯಾವುದು?”

ಹೇಳಬಹುದಿತ್ತು. ಐದು ನಿಮಿಷದಲ್ಲಿ ಜೋಡಿಸಿ ನಿಲ್ಲಿಸಬಹುದಿತ್ತು. ಅವರು ಚಿಲಕ ಎಳೆದು ಬಹುಮಾನ ಕೊಟ್ಟು ಹೋಗುತ್ತಿದ್ದರೋ ಏನೋ.

“ಈಗ ಇಲ್ಲ ಸಾರ್,” ಎಂದೆ.

ಉಜ್ಜನಪ್ಪ ನಲವತ್ತೇಳರ ಮುಂದೆ ‘ಗೈರುಹಾಜರು’ ಎಂದು ಬರೆದುಕೊಂಡು ಪಂಪಿನ ಕಡೆ ನಡೆದರು. ಸಾಬರಿಗೆ ಅದು ಕೇಳಿಸಲಿಲ್ಲ. ಮೈಲಪ್ಪ ತಗಡಿನ ತೋಳನ್ನು ಎತ್ತಿ ಮೆಲ್ಲಗೆ ಮಡಿಸಿದ. ಮೂರು ಪಟ್ಟಿಗಳು ಒಂದರೊಳಗೊಂದು ಸರಿದವು. ಇಬ್ಬರೂ ಇನ್ನೊಮ್ಮೆ ಮಡಿಸಿ ನೋಡಿದರು.

“ಹ್ಞೂಂ,” ಎಂದ ಮೈಲಪ್ಪ. “ಈಗ ಮೊಣಕಾಲು.”

“ಮೊಣಕಾಲಿಗೇನಾಗೈತೋ?” ಎಂದು ಸಾಬರು ಕೂಗಿದರು. ಆಮೇಲೆ ನನ್ನತ್ತ ನೋಡಿ, “ಬಿಯೇ ಸಾಹೇಬ್ರೆ, ಕಂಬದಂಗ ನಿಂತೀರಲ್ಲ, ಬರ್ರಿ, ಈ ಕಾಲು ಹಿಡೀರಿ,” ಎಂದರು.