ಬಂದ್ ಅಲ್ಲ, ಹರತಾಳ

ನನ್ನ ಗಂಡ ಆನಂದನ್ ಮಾಷ್‌ಗೆ ಬಂದ್ ಎಂದರೆ ಸಿಟ್ಟು. ಬಂದ್ ಮಾಡುವುದಕ್ಕಲ್ಲ, ಅದನ್ನು ಬಂದ್ ಎಂದು ಕರೆಯುವುದಕ್ಕೆ. ಬಂದ್ ಕೂಡದು ಎಂದು ಕೋರ್ಟು ಹೇಳಿದ ಮೇಲೆ ನಮ್ಮ ಕಣ್ಣೂರಿನ ಕಡೆ ಬಂದ್ ಇಲ್ಲ, ಹರತಾಳ ಇದೆ. ಅಂಗಡಿ ಮುಚ್ಚಿರುತ್ತದೆ, ಬಸ್ಸು ಇರುವುದಿಲ್ಲ, ತಿರುವಿನಲ್ಲಿ ಹುಡುಗರು ತೆಂಗಿನ ಕೊರಡು ಅಡ್ಡ ಹಾಕಿಕೊಂಡು ಕೂತಿರುತ್ತಾರೆ. ಹಾಗಾದರೆ ವ್ಯತ್ಯಾಸವೇನು ಎಂದು ಯಾರಾದರೂ ಬಾಯಿ ತಪ್ಪಿ ಕೇಳಿದರೋ, ಅವತ್ತಿಗೆ ಅವರ ಕಥೆ ಮುಗಿಯಿತು.

"ಬಂದ್ ಅಂದ್ರೆ ಬಲವಂತ. ಹರತಾಳ ಅಂದ್ರೆ ಜನ ತಾವಾಗೇ, ಮನಸ್ಸಿಟ್ಟು, ಒಂದು ದಿನ ಎಲ್ಲ ಬಿಟ್ಟು ಕೂರೋದು. ಪಣಿಮುಡಕ್ಕ್ ಇದೆಯಲ್ಲ, ಕೆಲಸ ನಿಲ್ಲಿಸೋ ಮುಷ್ಕರ, ಅದು ಕೆಲಸಗಾರರದ್ದು, ಅದರ ದಾರಿನೇ ಬೇರೆ..."

ನಾನು ಒಳಗೆ ಹೋಗಿ ಮತ್ತಿ ಮೀನು ತೊಳೆದು, ತೆಂಗಿನಕಾಯಿ ಅರೆದು ಬರುವಾಗಲೂ ಅವರು ಪಣಿಮುಡಕ್ಕಿನಲ್ಲೇ ಇರುತ್ತಾರೆ. ಇಪ್ಪತ್ತು ಚಿಲ್ಲರೆ ವರ್ಷ ಇದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಶಾಲೆಯಲ್ಲಿ ಮಲಯಾಳ ಕಲಿಸಿದವರು. ಹಾಗಾಗಿ ಪಾರ್ಟಿಯ ಹರತಾಳದ ಹೇಳಿಕೆ ಬರೆಯುವ ಕೆಲಸ ಮೊದಲಿಂದಲೂ ಅವರದ್ದೇ. ಕಿಡ್ನಿ ಎರಡೂ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವಂತಾದ ಮೇಲೂ ಆ ಕೆಲಸ ಬಿಟ್ಟಿಲ್ಲ. ಮೊನ್ನೆ ಸಂಜೆಯೂ ಹಾಗೆಯೇ ಫೋನು ಬಂತು, ನಾಳೆ ಹರತಾಳ ಎಂದು. ಮಾಷ್ ಆರಾಮಕುರ್ಚಿಯಲ್ಲಿ ಒರಗಿ ಹೇಳಿ ಬರೆಸತೊಡಗಿದರು.

"ಹಾಲು, ಪತ್ರಿಕೆ, ಮದುವೆ, ಮರಣ, ಆಂಬುಲೆನ್ಸ್. ಇವಿಷ್ಟಕ್ಕೆ ವಿನಾಯಿತಿ. ಆಯ್ತಾ?"

ಅವರು ಫೋನಿಟ್ಟ ಮೇಲೆ ಕೇಳಿದೆ. "ಮೊದಲು 'ರೋಗಿಗಳು' ಅಂತ ಇತ್ತಲ್ಲ?"

"ರೋಗಿ ಅಂತ ಬರೆದ್ರೆ ಊರಿಗೆ ಊರೇ ರೋಗಿ ಆಗುತ್ತೆ ಕೌಸು. ಹೋದ ಸಲ ಕಾರಿನ ಗಾಜಿಗೆ 'ಆಸ್ಪತ್ರೆ' ಅಂತ ಚೀಟಿ ಅಂಟಿಸ್ಕೊಂಡು ಕೋಳಿ ತರೋಕೆ ಹೋಗಿದ್ರು."

"ನಾಳೆ ನಿಮ್ಮ ಡಯಾಲಿಸಿಸ್ ಇದೆ. ನೆನಪಿದೆ ತಾನೇ?"

"ಆಂಬುಲೆನ್ಸ್‌ಗೆ ಹೇಳಿದ್ದೀನಿ. ನನಗೂ ಕಾನೂನು ಗೊತ್ತು."

ಬೆಳಿಗ್ಗೆ ಆಂಬುಲೆನ್ಸ್ ಬರಲಿಲ್ಲ. ಯಾರಿಗೋ ಎದೆನೋವೆಂದು ಮಂಗಳೂರಿಗೆ ಹೋಗಿತ್ತು. ಸರದಿ ತಪ್ಪಿದರೆ ಇನ್ನೊಂದು ಸಿಗುವುದು ಸುಲಭವಲ್ಲ. ಒಮ್ಮೆ ಹಾಗೆ ತಪ್ಪಿದಾಗ ಮಾಷ್ ಎದೆಯಲ್ಲಿ ನೀರು ತುಂಬಿ, ಮಲಗಲಾರದೆ, ಗೋಡೆ ಹಿಡಿದು ಉಸಿರಿಗೆ ಒದ್ದಾಡಿದ್ದನ್ನು ಕಣ್ಣಾರೆ ಕಂಡವಳು ನಾನು. ಪಕ್ಕದ ಮನೆಯ ಮೊಯ್ದುವನ್ನು ಕೂಗಿದೆ. ಪಾಪ, ಅವನು ಲುಂಗಿಯಲ್ಲೇ ಕಾರು ಹೊರಗೆ ತೆಗೆದ.

ಮಾಷ್ ಮೆಟ್ಟಿಲಲ್ಲೇ ನಿಂತುಬಿಟ್ಟರು. "ಕಾರಿಗೆ ವಿನಾಯಿತಿ ಇಲ್ಲ."

"ನೀವು ಬರೆದದ್ದು ನಿಮಗೇ ಮುಳ್ಳಾಯ್ತಲ್ಲ. ಹತ್ತಿ," ಎಂದೆ.

"ಹತ್ತಿ ಮಾಷೆ, ದಾರೀಲಿ ಬೈಕೊಳ್ಳಿ," ಎಂದ ಮೊಯ್ದು. ಕೈಹಿಡಿದು ಕೂರಿಸಿಯೇ ಬಿಟ್ಟ.

ಬಡಗಿಮುಕ್ಕಿನ ತಿರುವಿನಲ್ಲಿ ಕೊರಡು ಬಿದ್ದಿತ್ತು. ಹುಡುಗರ ಮುಂದಾಳು ಶಿಜಿಲ್, ಮಾಷ್‌ರ ಹತ್ತಿರವೇ ಅಕ್ಷರ ಕಲಿತವನು. ಒಳಗೆ ಬಗ್ಗಿ ನೋಡಿದವನೇ ಕಾಮ್ರೇಡರಿಗೆ ಮಾಡುವಂತೆ ಮುಷ್ಟಿ ಎತ್ತಿ ವಂದಿಸಿದ.

"ಸಖಾವು ಆನಂದನ್ ಮಾಷ್ ಕಣ್ರೋ. ಕೊರಡು ಎತ್ತಿ."

ನನಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಮಾಷ್ ಕತ್ತು ಹೊರಳಿಸಿದರು. ರಸ್ತೆಯಂಚಿನಲ್ಲಿ ಒಂದು ಆಟೋ ನಿಂತಿತ್ತು. ಅದರೊಳಗೆ ಒಬ್ಬ ಮುದುಕ ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಅವನ ಬೆನ್ನಿಗೆ ಕೈಕೊಟ್ಟು ಕೂತ ಹೆಂಗಸಿನ ಮುಖ ಅತ್ತೂ ಅತ್ತೂ ಊದಿತ್ತು. ಅವರು ನಮ್ಮೂರಿನವರಲ್ಲ.

"ಅವರನ್ನ ಯಾಕೋ ನಿಲ್ಲಿಸಿದ್ದೀಯ?"

"ಆಟೋ ಅಲ್ವಾ ಮಾಷೆ. ಆಂಬುಲೆನ್ಸ್ ಮಾತ್ರ ಅಂತ ಇದೆ."

"ನಂದು ಕಾರು."

"ನಿಮ್ಮದು ಬೇರೆ ಮಾಷೆ."

"ಹರತಾಳ ಅಂದ್ರೆ ಏನೋ? ತಾವಾಗೇ..."

"ತಾವಾಗೇ ಅಂದ್ರೆ ನಾವು ಬೆಳಿಗ್ಗೆಯಿಂದ ಇಲ್ಲಿ ಯಾಕೆ ನಿಂತಿದ್ದೀವಿ, ನೀವೇ ಹೇಳಿ," ಎಂದ ಶಿಜಿಲ್. ಕೊಂಕಿನಿಂದ ಅಂದದ್ದಲ್ಲ, ಪಾಠ ತಿಳಿಯದವನು ಕೇಳಿದ ಹಾಗೆ ಕೇಳಿದ. "ಆಂಬುಲೆನ್ಸ್ ಅಂತ ಬರೆದವರು ನೀವೇ ಅಂತ ಕಮಿಟಿಯವರು ಹೇಳಿದ್ರು."

ಮಾಷ್ ಬಾಯಿ ತೆರೆದರು. ಈ ಮನುಷ್ಯನಿಗೆ ಮಾತು ಸಿಗದೆ ಹೋದದ್ದನ್ನು ನೋಡಬೇಕೆಂದು ನಾನು ಎಷ್ಟು ವರ್ಷದಿಂದ ಕಾದಿದ್ದೆ, ಆದರೆ ಅವತ್ತು ನನಗೆ ಸಂತೋಷವಾಗಲಿಲ್ಲ. ಗಡಿಯಾರದ ಮುಳ್ಳು ಓಡುತ್ತಿತ್ತು.

"ರೀ, ಅರ್ಥ ಆಮೇಲೆ ಹೇಳಿಕೊಡಿ. ನಡೀರಿ," ಎಂದೆ.

ಅವರು ಬಾಗಿಲು ತೆಗೆದು ಇಳಿದರು. ಇಳಿದವರು ಮುಂಡು ಎತ್ತಿ ಹಿಡಿದು, ಊದಿದ ಕಾಲು ಎಳೆದುಕೊಂಡು ಹೋಗಿ, ಆ ಆಟೋದಲ್ಲಿ ಮುದುಕನ ಪಕ್ಕ ಒತ್ತರಿಸಿ ಕೂತರು.

"ಈಗ ಇದು ನನ್ನ ಗಾಡಿ. ತೆಗಿ ಕೊರಡು."

ಹುಡುಗರು ಮುಖ ಮುಖ ನೋಡಿಕೊಂಡರು, ಆಮೇಲೆ ತೆಗೆದರು. ಆಟೋ ಹೊಗೆಯುಗುಳುತ್ತ ತಿರುವು ದಾಟಿ ಹೋಯಿತು. ಕಟ್ಟಿಕೊಂಡವಳು ಕಾರಿನಲ್ಲಿದ್ದಾಳೆ ಎಂದು ಹಿಂತಿರುಗಿ ನೋಡಲೂ ಇಲ್ಲ ಆ ಮಹಾರಾಯ. ಟವೆಲು, ನೀರು, ಆಸ್ಪತ್ರೆಯ ಫೈಲು ಎಲ್ಲ ನನ್ನ ತೊಡೆಯ ಮೇಲೆ. ಕೊರಡು ಮತ್ತೆ ಬಂದು ಬಿತ್ತು.

"ಏನೋ ಇದು?"

"ಏಡತ್ತಿ, ಸಿಟ್ಟಾಗಬೇಡಿ," ಎಂದ ಶಿಜಿಲ್, ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ಮೆತ್ತಗೆ. "ಈಗ ನಿಮ್ಮ ಕಾರಲ್ಲಿ ರೋಗಿ ಇಲ್ಲ."

ನನಗೆ ಎಲ್ಲಿತ್ತೋ ಕೋಪ. "ನಿಮ್ಮ ಹರತಾಳಕ್ಕಿಷ್ಟು, ಅದಕ್ಕೆ ಹೆಸರಿಟ್ಟವನಿಗಿಷ್ಟು," ಎಂದು ಬೈದು, ಚೀಲ ಹೆಗಲಿಗೇರಿಸಿ, ಕೊರಡು ದಾಟಿ ನಡೆದೆ. ಮೊಯ್ದು ಹಿಂದಿನಿಂದ ಬೇಡ ಬೇಡ ಎನ್ನುತ್ತಿದ್ದ. ಮುಚ್ಚಿದ ಅಂಗಡಿಗಳ ಸಾಲು, ಕಾದ ಡಾಂಬರು, ಒಂದು ಸೋಡಾ ಕುಡಿಯೋಣವೆಂದರೆ ಗತಿಯಿಲ್ಲ. ದಾರಿಯುದ್ದಕ್ಕೂ ಅವರಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯಲಾರೆ. ಉಸಿರು ಸಿಕ್ಕಿದಾಗ ಬೈಯುತ್ತಿದ್ದೆ, ಸಿಗದಾಗ ಅಳುತ್ತಿದ್ದೆ. ಸರದಿ ಸಿಕ್ಕಿತೋ ಇಲ್ಲವೋ ಎಂಬ ಒಂದೇ ಹೆದರಿಕೆ.

ಸಿಕ್ಕಿತ್ತು. ನರ್ಸಿಗೆ ಮುಖಪರಿಚಯವಿದ್ದುದರಿಂದ ಫೈಲಿಗೆ ಕಾಯದೆ ಯಂತ್ರಕ್ಕೆ ಹಾಕಿದ್ದಳು. ಆ ಮುದುಕನಿಗೆ ಕೆಳಗಿನ ವಾರ್ಡಿನಲ್ಲಿ ಆಮ್ಲಜನಕ ಕೊಟ್ಟಿದ್ದರಂತೆ, ಚೇತರಿಸಿಕೊಂಡನಂತೆ.

ಮಾಷ್ ನನ್ನನ್ನು ನೋಡಿದರು. ಬೆವರು, ಕೆಂಪಾದ ಮುಖ, ಧೂಳು ಮೆತ್ತಿದ ಪಾದ.

"ಮೊಯ್ದು ಎಲ್ಲಿ?"

"ಬಿಡಲಿಲ್ಲ."

"ಮತ್ತೆ ಹೇಗೆ ಬಂದೆ? ನಡಕೊಂಡಾ? ಈ ಬಿಸಿಲಲ್ಲಿ?"

ಆ ಪ್ರಶ್ನೆ ಕೇಳಿದ್ದೇ ತಡ, ಹೊಟ್ಟೆಯೊಳಗೆ ಎಲ್ಲೋ ಇದ್ದದ್ದು ಹೊರಬಂತು.

"ನಮ್ಮಮ್ಮ ಹೋದ ದಿನಾನೂ ನಡಕೊಂಡೇ ಹೋಗಿದ್ದೆ. ನಾನು ಮುಟ್ಟೋ ಹೊತ್ತಿಗೆ ಚಿತೆ ಆರಿತ್ತು. ಅವತ್ತು ನೀವು ಹೇಗೆ ಹೋದೆ ಅಂತ ಕೇಳಲಿಲ್ಲ."

ಯಂತ್ರ ಗಿರಗಿರ ಎನ್ನುತ್ತಿತ್ತು.

"ಅವತ್ತಿನ್ನೂ ಅದನ್ನ ಬಂದ್ ಅಂತಾನೇ ಕರೀತಿದ್ರು," ಎಂದೆ. "ದಾರಿ ಇಷ್ಟೇ ಬಿಸಿ ಇತ್ತು."

ತಿದ್ದುತ್ತಾರೆ ಎಂದುಕೊಂಡೆ. ತಿದ್ದಲಿಲ್ಲ. ಸೂಜಿ ಚುಚ್ಚಿದ ಕೈ ಅಲುಗದಂತೆ ಕಾಲೆರಡನ್ನೂ ಗೋಡೆಯ ಕಡೆಗೆ ಸರಿಸಿ, ಮಂಚದ ಅಂಚಿನಲ್ಲಿ ಜಾಗ ಮಾಡಿದರು. ನಾನು ಕೂತೆ.