ಎದ್ದು ನಿಂತವಳು

ನಾನು ಎದ್ದು ನಿಂತಿದ್ದು ಗೇಟಿನ ತನಕ ಹೋಗಿ ಬರುವುದಕ್ಕೆ. ಇಷ್ಟನ್ನು ಆ ಕ್ಷಣದಲ್ಲೇ ಬಾಯಿಬಿಟ್ಟು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆಫೀಸಿನಲ್ಲಿ ನನ್ನ ಬಾಯಿಗೆ ಹೆದರಿ ಸೂಪರಿಂಟೆಂಡೆಂಟರು ಫೈಲನ್ನು ಅಟೆಂಡರ್ ಕೈಯಲ್ಲಿ ಕಳಿಸುತ್ತಾರೆಯೇ ಹೊರತು ತಾವಾಗಿ ನನ್ನ ಮೇಜಿನ ಹತ್ತಿರ ಬರುವುದಿಲ್ಲ. ಅಂಥ ಬಾಯಿ ಚರ್ಚಿನ ಹಾಲಿನಲ್ಲಿ ನನಗೆ ಕೈಕೊಟ್ಟಿತು.

ಅದು ಲೆಂಟಿನ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತದ, ಮೊದಲ ಶನಿವಾರ. ಚಾಮರಾಜಪೇಟೆಯ ನಮ್ಮ ಸಂತ ಬಾರ್ನಬ ದೇವಾಲಯದಲ್ಲಿ ಪ್ರತಿವರ್ಷ ಆ ದಿನ ಹೆಂಗಸರ ಮೌನ ಧ್ಯಾನಕೂಟ. ಬೆಳಿಗ್ಗೆ ಒಂಬತ್ತಕ್ಕೆ ಗಂಟೆ ಹೊಡೆದರೆ ಸಂಜೆ ನಾಲ್ಕಕ್ಕೆ ಇನ್ನೊಂದು ಗಂಟೆ ಹೊಡೆಯುವ ತನಕ ಯಾರೂ ಮಾತಾಡುವಂತಿಲ್ಲ, ಫೋನ್ ಮುಟ್ಟುವಂತಿಲ್ಲ, ಕಾಂಪೌಂಡ್ ದಾಟುವಂತಿಲ್ಲ. ಚಿತ್ರಾನ್ನಕ್ಕೆ ಉಪ್ಪು ಬೇಕಾದರೂ ಕೈಸನ್ನೆ. ನಲವತ್ತು ಹೆಂಗಸರು ಏಳು ಗಂಟೆ ಬಾಯಿ ಕಟ್ಟಿ ಕೂರುವುದನ್ನು ನೋಡಿದರೆ ಪವಾಡಗಳಲ್ಲಿ ನಂಬಿಕೆ ಬರುತ್ತದೆ. ಅಮ್ಮ ಹೇಳಿದಳೆಂದು ನಾನು ಹೋಗಿದ್ದೆ.

ಅಮ್ಮ, ಅಂದರೆ ಎಸ್ತೇರಮ್ಮ ಟೀಚರ್. ಮಿಷನ್ ಶಾಲೆಯಲ್ಲಿ ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತಳಾದವಳು, ಈಗ ಎಪ್ಪತ್ತೊಂದು. ಅಪ್ಪ ತೀರಿಕೊಂಡ ಮೇಲೆ ಚರ್ಚಿನ ಹಿಂದಿನ ಬೀದಿಯ ಮನೆಯಲ್ಲಿ ನಾವಿಬ್ಬರೇ. ನನಗೆ ಮೂವತ್ತಾರು. ಹೆಸರು ಆರಾಧನಾ. ಈ ಹೆಸರನ್ನು ಜನ ಮುಂದೆ ನನ್ನ ವಿರುದ್ಧವೇ ಬಳಸಿಕೊಂಡರು.

ಆವತ್ತು ಗೇಟಿನಾಚೆ ವರದರಾಜ ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದ. ವರದ ನಮ್ಮ ಆಫೀಸಿನಲ್ಲೇ ಪಕ್ಕದ ಸೆಕ್ಷನ್ನಿನವನು, ಮಲ್ಲೇಶ್ವರದ ಅಯ್ಯಂಗಾರರ ಹುಡುಗ. ಹುಡುಗ ಅನ್ನುವುದು ನನ್ನ ಧಾರಾಳ, ಅವನಿಗೆ ಮೂವತ್ತೊಂಬತ್ತು. ನಾವು ರಿಜಿಸ್ಟರ್ ಮದುವೆಯಾಗುವುದೆಂದು ತೀರ್ಮಾನಿಸಿದ್ದೆವು. ಬೇರೆ ಬೇರೆ ಧರ್ಮದವರಾದ್ದರಿಂದ ಮೊದಲು ಅರ್ಜಿ ಕೊಡಬೇಕು, ಅದನ್ನು ಮೂವತ್ತು ದಿನ ರಿಜಿಸ್ಟ್ರಾರ್ ಕಚೇರಿಯ ಬೋರ್ಡಿಗೆ ಹಾಕುತ್ತಾರೆ, ಆಮೇಲೆ ಮದುವೆ. ಮಧ್ಯಾಹ್ನದೊಳಗೆ ಅರ್ಜಿ ಬೇಕೆಂದು ವಕೀಲರು ಹೇಳಿದ್ದರು, ನನ್ನ ಸಹಿಯೊಂದು ಬಾಕಿ. ಅಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಎರಡು ವರ್ಷ ತಳ್ಳಿದ್ದೆ.

ಹಾಲಿನ ಕಿಟಕಿಯಿಂದ ವರದ ಕಾಣುತ್ತಿದ್ದ. ಮುಂದೆ ಸಿಸ್ಟರ್ ದಯಾವತಿ ಮೆಲ್ಲನೆ ಮಾತಾಡುತ್ತಿದ್ದರು. ಮೌನದ ದಿನ ಮಾತಾಡುವ ಹಕ್ಕು ಅವರೊಬ್ಬರಿಗೇ. "ಎಲ್ಲರೂ ಕಣ್ಣು ಮುಚ್ಚಿ" ಅಂದದ್ದು ಕೇಳಿಸಿತು. ಎಲ್ಲರೂ ಮುಚ್ಚಿದರು. ಆಮೇಲೆ ಅವರು ಏನೋ ಹೇಳಿದರು, ನನ್ನ ಗಮನವೆಲ್ಲ ಗೇಟಿನ ಕಡೆಗಿತ್ತು. ನಲವತ್ತು ಜೊತೆ ಕಣ್ಣು ಒಟ್ಟಿಗೆ ಮುಚ್ಚಿರುವಾಗ ನುಸುಳಿ ಹೋಗಿ ಬರುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲವೆಂದು ಎದ್ದು ನಿಂತೆ.

ಸಿಸ್ಟರ್ ಹೇಳಿದ್ದೇನೆಂದು ಆಮೇಲೆ ತಿಳಿಯಿತು. ಮದುವೆ, ಸಂಸಾರ ಎಲ್ಲ ಬಿಟ್ಟು, ತಮ್ಮ ಹಾಗೆ ಸಿಸ್ಟರ್ ಆಗಿ ಉಳಿದ ಆಯುಷ್ಯವನ್ನು ದೇವರ ಸೇವೆಗೆ ಸಮರ್ಪಿಸುವವರು ಈ ಕೂಟದಲ್ಲಿದ್ದರೆ ಎದ್ದು ನಿಲ್ಲಿ ಅಂದಿದ್ದರಂತೆ. ನಮ್ಮಲ್ಲಿ ಅಯ್ಯನವರಿಗೆ, ಅಂದರೆ ಪಾದ್ರಿಗಳಿಗೆ, ಮದುವೆಯಾಗುವುದಕ್ಕೆ ಅಡ್ಡಿಯಿಲ್ಲ, ಹೆಂಡತಿ ಮಕ್ಕಳು ಎಲ್ಲ ಇರಬಹುದು. ಸಿಸ್ಟರುಗಳಿಗೆ ಮಾತ್ರ ಇಲ್ಲ.

"ಸ್ತೋತ್ರ!" ಅಂದರು ಸಿಸ್ಟರ್. ಕಣ್ಣುಗಳೆಲ್ಲ ತೆರೆದವು. ನಾನು ಅರ್ಧ ಹೆಜ್ಜೆ ಇಟ್ಟವಳು ಅಲ್ಲೇ ನಿಂತೆ. ಸಿಸ್ಟರ್ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರುಮಾಡಿದರು. ಸುತ್ತಲಿನ ಹೆಂಗಸರು ಅಳತೊಡಗಿದರು. ಪಕ್ಕದಲ್ಲಿದ್ದ ಅಮ್ಮ ನನ್ನ ಕೈ ಹಿಡಿದುಕೊಂಡಳು. ಪ್ರಾರ್ಥನೆ ಮುಗಿಯುವ ತನಕ ಬಿಡಲಿಲ್ಲ. ಕಿಟಕಿಯಾಚೆ ವರದ ಗಡಿಯಾರ ನೋಡಿಕೊಂಡ, ಸ್ವಲ್ಪ ಹೊತ್ತಿಗೆ ಮತ್ತೆ ನೋಡಿಕೊಂಡ, ಆಮೇಲೆ ಸ್ಕೂಟರ್ ಒದ್ದು ಹೊರಟುಹೋದ. ಅಷ್ಟು ಜನರೆದುರು, ಮೌನದ ದಿನ, ಗೇಟಿನಲ್ಲೊಬ್ಬ ಗಂಡಸು ಕಾಯುತ್ತಿದ್ದಾನೆ, ಅದಕ್ಕೇ ಎದ್ದೆ ಅಂತ ಹೇಗೆ ಹೇಳುವುದು? ನಾಲ್ಕರ ಗಂಟೆ ಹೊಡೆಯಲಿ, ಹೇಳುತ್ತೇನೆ ಅಂದುಕೊಂಡೆ. ಗಂಟೆ ಹೊಡೆದ ಕೂಡಲೇ ಎಲ್ಲರೂ ಒಟ್ಟಿಗೆ ಮಾತಾಡಿದರು, ನನ್ನೊಬ್ಬಳನ್ನು ಬಿಟ್ಟು.

ಸೋಮವಾರ ಆಫೀಸಿನಲ್ಲಿ ಅರ್ಜಿಗೆ ಸಹಿ ಹಾಕಿದೆ. "ಶನಿವಾರ ಯಾಕ್ ಬರ್ಲಿಲ್ಲ?" ಅಂತ ವರದ ಕೇಳಿದ. "ಹೊರಗ್ ಬಿಡ್ಲಿಲ್ಲ ಕಣೋ" ಅಂದೆ. ಸುಳ್ಳೇನೂ ಅಲ್ಲ.

ಮುಂದಿನ ಭಾನುವಾರ ಅಯ್ಯನವರು ವೇದಿಕೆಯಿಂದಲೇ ಪ್ರಕಟಿಸಿದರು. ಹನ್ನೊಂದು ವರ್ಷಗಳ ಮೇಲೆ ನಮ್ಮ ಸಭೆಯಿಂದ ಒಬ್ಬ ಹೆಣ್ಣುಮಗಳು, ಹೆಸರಿಗೆ ತಕ್ಕ ಮಗಳು. ಆರಾಧನೆ ಮುಗಿದ ಮೇಲೆ ಸ್ತ್ರೀಯರ ಸಂಘದ ಕಾರ್ಯದರ್ಶಿ ಮೀನಾ ಆಂಟಿ ನನ್ನ ಕೆನ್ನೆ ಸವರಿ, "ನಿಂಗೋಸ್ಕರ ಸರಪಳಿ ಪ್ರಾರ್ಥನೆ ಹಾಕಿದೀವಿ ಕಣಮ್ಮ" ಅಂದರು. ಸರಪಳಿ ಪ್ರಾರ್ಥನೆಯೆಂದರೆ ಬೆಳಗಿನಿಂದ ಸಂಜೆಯ ತನಕ ಒಬ್ಬರಾದ ಮೇಲೆ ಒಬ್ಬರು, ಅರ್ಧರ್ಧ ಗಂಟೆ, ಒಂದೇ ವಿಷಯಕ್ಕೆ ಪ್ರಾರ್ಥಿಸುವುದು. ಯಾರು ಎಷ್ಟು ಹೊತ್ತಿಗೆ ಅನ್ನುವ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ಮೇಲೆ ದಪ್ಪಕ್ಷರದಲ್ಲಿ: ಆರಾಧನಾಳ ಮನಸ್ಸು ಕದಲದಿರಲಿ. ನಾನು ಹತ್ತೂವರೆಗೆ ವರದನ ಜೊತೆ ಕಾಫಿ ಕುಡಿಯುವಾಗ ಮೀನಾ ಆಂಟಿಯ ಪಾಳಿ. ಅದೇ ವಾರ ರಿಜಿಸ್ಟ್ರಾರ್ ಕಚೇರಿಯ ಬೋರ್ಡಿನ ಮೇಲೂ ನನ್ನ ಹೆಸರು ಬಂತು.

ದೇವರ ಮೇಲೆ ನನಗೆ ತಕರಾರಿಲ್ಲ. ತಕರಾರಿರುವುದು ದೇವರ ಪರವಾಗಿ ಎಲ್ಲ ಗೊತ್ತುಮಾಡಿಬಿಡುವವರ ಮೇಲೆ. ಆದರೂ ಅಯ್ಯನವರು ಒಳ್ಳೆಯ ಮನುಷ್ಯರು, ಅವರಿಗೆ ಹೇಳಿಬಿಡೋಣವೆಂದು ಒಂದು ಸಂಜೆ ಹೋದೆ. "ಅಯ್ಯನವರೇ, ನಂಗ್ಯಾಕೋ ಇದು..." ಅಂತ ಬಾಯಿ ತೆರೆದೆ, ಅಷ್ಟೇ.

"ಅನುಮಾನ ಬರ್ತಿದೆ ಅಲ್ವಾ?" ಅಂದರು ಅವರು, ಬಹಳ ಖುಷಿಯಿಂದ. "ಬರ್ಲೇಬೇಕಮ್ಮ. ಯಾರನ್ನ ದೇವರು ಆರಿಸ್ಕೊಂಡಿರ್ತಾನೋ ಅವ್ರಿಗೇ ಸೈತಾನ ಜಾಸ್ತಿ ಅನುಮಾನ ಹುಟ್ಟಿಸೋದು. ನೀವು ನಿಜವಾಗ್ಲೂ ಆರಿಸಲ್ಪಟ್ಟವ್ರು ಅನ್ನೋದಕ್ಕೆ ಇದೇ ಗುರುತು." ಬಿಷಪ್ಪರಿಗೆ ಬರೆದಿದ್ದ ಶಿಫಾರಸು ಪತ್ರ ತೋರಿಸಿದರು. ವಯಸ್ಸು ಒಂದು ವರ್ಷ ಮೀರಿದ್ದರೂ ರಿಯಾಯಿತಿ ಕೊಡಿಸುತ್ತಾರಂತೆ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಸಭೆಯ ಮುಂದೆ ಸಮರ್ಪಣೆಯ ಪ್ರಾರ್ಥನೆ, ಈಸ್ಟರ್ ಕಳೆದು ತರಬೇತಿಗೆ ಹೊರಡುವುದು. ಬೇಡ ಅನ್ನುವುದೂ ಬೇಕು ಅಂದಂತೆಯೇ ಆಗುವ ಜಾಗದಿಂದ ತಪ್ಪಿಸಿಕೊಳ್ಳುವುದಾದರೂ ಹೇಗೆ? ಕಾಫಿ ಕುಡಿದು ಎದ್ದು ಬಂದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಸಿದ್ಧತೆಗೆಂದು ಪ್ರತಿ ಗುರುವಾರ ಸಂಜೆ ಬೈಬಲ್ ಓದಿಸುವ ವೇದಾಧ್ಯಯನ ತರಗತಿಗೆ ಹಾಕಿದರು. ಆಫೀಸಿನಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು, ಎರಡು ಗಂಟೆ ಬೆಂಚಿನ ಮೇಲೆ ಕೂತು, ಮನೆಗೆ ಹೋಗಿ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ನಾನು ಬರೆಯಲಿಲ್ಲ. ಅಮ್ಮ ಬರೆದಳು. ಮಂಡಿನೋವೆಂದು ಎಂಟಕ್ಕೆ ಏಳುತ್ತಿದ್ದವಳು ಈಗ ಐದಕ್ಕೇ ಎದ್ದು, ಮೇಜಿನ ಮುಂದೆ ಕೂತು, ಟೀಚರ್ ಅಕ್ಷರದಲ್ಲಿ ನೋಟ್ಸ್ ತುಂಬಿಸುತ್ತಿದ್ದಳು. ಗುರುವಾರ ನಾನು ಚಪ್ಪಲಿ ಬಿಡುವ ಮೊದಲೇ, "ಇವತ್ತೇನ್ ಹೇಳ್ಕೊಟ್ರು? ಪೂರ್ತಿ ಹೇಳು" ಅನ್ನುತ್ತಿದ್ದಳು. ಮಗಳು ಸಿಸ್ಟರ್ ಆಗುತ್ತಾಳೆಂಬ ಹೆಮ್ಮೆ ಇವಳನ್ನು ಹೀಗೆ ಕುಣಿಸುತ್ತಿದೆ ಅಂದುಕೊಂಡೆ. ಅವಳನ್ನು ಅಷ್ಟು ಸಂತೋಷದಲ್ಲಿ ನಾನೆಂದೂ ನೋಡಿರಲಿಲ್ಲ. ಹೇಳಬೇಕೆಂದುಕೊಂಡಾಗಲೆಲ್ಲ ಆ ಮುಖ ಅಡ್ಡ ಬರುತ್ತಿತ್ತು.

ವರದನಿಗೆ ಕೊನೆಗೂ ಹೇಳಿದೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ನಗದಿದ್ದದ್ದು ನೋಡಿ ನಿಲ್ಲಿಸಿದ.

"ಈಸ್ಟರ್ ಆದ್ಮೇಲೆ ಬುಧವಾರ ಹನ್ನೊಂದ್ ಗಂಟೆ ಅಂತ ಟೈಮ್ ಕೊಟ್ಟಿದಾರೆ" ಅಂದ. "ನಾನ್ ಬಂದಿರ್ತೀನಿ. ನಿಮ್ಮಮ್ಮಂಗೆ ಹೇಳ್ಬಿಟ್ಟು ಬಾ. ಕದ್ದು ಬರೋದಾದ್ರೆ ಬೇಡ. ನೀನ್ ಬರ್ಲಿಲ್ಲ ಅಂದ್ರೆ ಮನೆಗ್ ಹೋಗ್ತೀನಿ ಆರಾಧನಾ. ಇನ್ನೊಂದ್ಸಲ ಕೇಳಲ್ಲ."

ಅವನು ಕೋಪ ಮಾಡಿಕೊಂಡಿದ್ದರೆ ನಾನೂ ಜಗಳಕ್ಕೆ ಬೀಳುತ್ತಿದ್ದೆ. ತಣ್ಣಗೆ ಹೇಳಿದ. ಅದಕ್ಕೇ ಹೆದರಿಕೆಯಾಯಿತು.

ಗರಿಗಳ ಭಾನುವಾರದ ಹಿಂದಿನ ದಿನ ಬೆಳಿಗ್ಗೆ ಅಮ್ಮ ಕಿಟಕಿಯ ಹತ್ತಿರ ಕೂತು ಬಿಳಿ ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ಸಮರ್ಪಣೆಯ ದಿನ ನಾನು ಉಡಲೆಂದು ಸ್ತ್ರೀಯರ ಸಂಘ ಕೊಟ್ಟ ಸೀರೆ. ಅವಳ ಎದುರು ನೆಲದ ಮೇಲೆ ಕೂತು, ಅವಳ ಮುಖ ನೋಡದೆ ಎಲ್ಲವನ್ನೂ ಹೇಳಿದೆ. ಗೇಟು, ಸ್ಕೂಟರು, ಸಹಿ, ಬೋರ್ಡು, ಬುಧವಾರ. ಸೂಜಿ ನಿಂತಿತು.

"ಯಾರ ಪೈಕಿ?"

"ಮಲ್ಲೇಶ್ವರದವ್ರು. ಅಯ್ಯಂಗಾರ್ರು."

"ಒಳ್ಳೇವ್ನಾ?"

"ಹೂಂ."

"ಹಾಗಾದ್ರೆ ಆವತ್ತು ನೀನು ಎದ್ದಿದ್ದು ಸೇವೆಗಲ್ಲ."

"ಅಲ್ಲ ಅಮ್ಮ. ಅದು ನಂಗೆ ಕೇಳಿಸ್ಲೇ ಇಲ್ಲ."

ಬೈಯುತ್ತಾಳೆ ಅಂದುಕೊಂಡೆ, ಅಳುತ್ತಾಳೆ ಅಂದುಕೊಂಡೆ. ಅವಳು ಮಡಿಲಲ್ಲಿದ್ದ ಸೀರೆಯನ್ನು ಎರಡು ಕೈಯಲ್ಲೂ ಸವರಿದಳು. "ಇನ್ನು ಇದನ್ನ ಯಾರು ಉಡ್ತಾರೆ?" ಅಂತ ಕೇಳಿ, ಮತ್ತೆ ಹೊಲಿಯತೊಡಗಿದಳು.

"ನಾಳೆ ಏನಮ್ಮ ಮಾಡ್ಲಿ?"

"ಬಾ ಚರ್ಚಿಗೆ. ನಾನಿರ್ತೀನಲ್ಲ."

ಬೆಳಿಗ್ಗೆ ನೋಡಿದರೆ ಆ ಬಿಳಿ ಸೀರೆಯನ್ನು ಅಮ್ಮನೇ ಉಟ್ಟು, ಸೆರಗಿಗೆ ಪಿನ್ನು ಹಾಕಿ ಸಿದ್ಧಳಾಗಿದ್ದಳು. ಹೊಸ ಸೀರೆ ಸುಮ್ಮನೆ ವ್ಯರ್ಥವಾಗಬಾರದೆಂದು ಇರಬೇಕು ಅಂದುಕೊಂಡೆ. ಕೇಳುವಷ್ಟು ಸಮಾಧಾನ ನನಗಿರಲಿಲ್ಲ. ಚರ್ಚು ತುಂಬಿತ್ತು, ಎಲ್ಲರ ಕೈಯಲ್ಲೂ ತೆಂಗಿನ ಗರಿ. ಹಾಡಾಯಿತು, ಪ್ರಸಂಗವಾಯಿತು. ಅಯ್ಯನವರು ಕನ್ನಡಕ ಸರಿಮಾಡಿಕೊಂಡು, "ಆರಾಧನಾ ಎದ್ದು ಮುಂದೆ ಬರಲಿ" ಅಂದರು.

ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ. ಎದ್ದರೆ ಒಪ್ಪಿದಂತೆ, ಕೂತಲ್ಲಿಂದ ಕೂಗಿ ಹೇಳುವುದಕ್ಕೆ ಧೈರ್ಯವಿಲ್ಲ. ಇಡೀ ಸಭೆ ತಿರುಗಿ ನೋಡಿತು. ಆಗ ಪಕ್ಕದಲ್ಲಿ ಅಮ್ಮ, ಮುಂದಿನ ಬೆಂಚನ್ನು ಹಿಡಿದು, ಮಂಡಿ ಸಾವರಿಸಿಕೊಂಡು, ಎದ್ದು ನಿಂತಳು.

"ಅಯ್ಯನವರೇ, ಅವಳು ಬರಲ್ಲ. ಆವತ್ತು ಅವಳು ಎದ್ದಿದ್ದು ಬೇರೆ ಕೆಲಸಕ್ಕೆ. ತಪ್ಪು ತಿಳ್ಕೊಂಡಿದ್ದು ನಾವು."

ಗುಸುಗುಸು ಎದ್ದಿತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಇಷ್ಟು ಸುಲಭವಾಗಿತ್ತೇ ಅನ್ನಿಸಿತು. ಆದರೆ ಅಮ್ಮ ಕೂರಲಿಲ್ಲ.

"ನಾನು ಬರ್ತೀನಿ" ಅಂದಳು. "ಅವಳ ಬದಲಿಗೆ ಅಂತಲ್ಲ. ನಂಗೇ ಬರ್ಬೇಕು ಅಂತಿದೆ. ಕ್ಲಾಸಿನ ಉತ್ತರ ಎಲ್ಲಾ ನಾನೇ ಬರ್ದಿದ್ದು. ನಂಗೆ ತರಬೇತಿ ಕೊಡಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಗು ಇನ್ನೊಂದಿಷ್ಟು ಜನಕ್ಕೆ ಹತ್ತಿತು. ಅಯ್ಯನವರೂ ಪ್ರೀತಿಯಿಂದಲೇ ನಕ್ಕರು. "ಎಸ್ತೇರಮ್ಮನವರೇ, ಈ ವಯಸ್ಸಲ್ಲಿ ನೀವು ಮನೇಲಿ ಕೂತು ಪ್ರಾರ್ಥನೆ ಮಾಡಿದ್ರೆ ಅದೇ ದೊಡ್ಡ ಸೇವೆ."

"ನಾನು ತಮಾಷೆ ಮಾಡ್ತಿಲ್ಲ ಅಯ್ಯನವರೇ" ಅಂದಳು ಅಮ್ಮ. ಧ್ವನಿ ಒಡೆದಿತ್ತು. ಅವಳು ಹಾಗೇ ನಿಂತಿದ್ದಳು, ನಗು ಹಾಗೇ ಇತ್ತು. ಮೀನಾ ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನನಗೆ ಮುಖವೆಲ್ಲ ಉರಿಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೈ ಚಾಚಿ, ಅವಳ ಸೆರಗು ಹಿಡಿದು ಎಳೆದೆ.

"ಕೂತ್ಕೋಮ್ಮ. ಸಾಕು."

ಅಮ್ಮ ನನ್ನನ್ನು ನೋಡಿದಳು. ಆಮೇಲೆ ಕೂತಳು. ಅಯ್ಯನವರು ಮುಂದಿನ ಹಾಡಿನ ನಂಬರು ಹೇಳಿದರು.

ಮನೆಗೆ ನಡೆದುಕೊಂಡು ಬರುವಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೂವತ್ತಾರು ದಿನಗಳ ಮೇಲೆ ಮೊದಲ ಸಲ ಹೊಟ್ಟೆತುಂಬ ಉಸಿರಾಡಿದೆ. ವರದನಿಗೆ ಫೋನ್ ಮಾಡಬೇಕು, ಈಗಲೇ ಮಾಡಬೇಕು ಅನ್ನಿಸುತ್ತಿತ್ತು.

"ಬುಧವಾರ ಎಷ್ಟೊತ್ತಿಗೆ ಅಂದೆ?" ಅಮ್ಮ ಕೇಳಿದಳು.

"ಹನ್ನೊಂದಕ್ಕೆ."

"ನಾನೂ ಬರ್ತೀನಿ. ಸಾಕ್ಷಿ ಸಹಿ ಬೇಕಲ್ಲ."

ಬೀದಿಯಲ್ಲಿ ಒಬ್ಬ ತಳ್ಳುಗಾಡಿಯ ಮೇಲೆ ಸೊಪ್ಪು ಮಾರುತ್ತಿದ್ದ. ಅಮ್ಮ ಒಂದು ಕಟ್ಟು ದಂಟಿನ ಸೊಪ್ಪು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟಳು.

"ಆಗ ಹತ್ತೊಂಬತ್ತು ವರ್ಷ ನಂಗೆ" ಅಂದಳು. "ಇದೇ ಹಾಲು, ಇದೇ ಧ್ಯಾನಕೂಟ. ನಾನೂ ಎದ್ದು ನಿಂತಿದ್ದೆ. ಕೇಳಿಸ್ಕೊಂಡೇ ಎದ್ದಿದ್ದೆ. ಪಕ್ಕದಲ್ಲಿ ನಮ್ಮಮ್ಮ ಕೂತಿದ್ರು. ಯಾರೂ ಕಣ್ಣು ಬಿಡೋಕ್ ಮುಂಚೆ ಸೆರಗು ಹಿಡಿದು ಎಳೆದ್ರು. ಕೂತ್ಕೋ, ಸಾಕು ಅಂದ್ರು. ಎರಡು ತಿಂಗಳಿಗೆ ಮದುವೆ ಮಾಡಿದ್ರು."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಅಲ್ಲೇ ನಿಂತುಬಿಟ್ಟೆ. ಅಮ್ಮ ಮಂಡಿ ಎಳೆದುಕೊಂಡು ಮುಂದೆ ಹೋಗುತ್ತಿದ್ದಳು. ಬಿಳಿ ಸೀರೆಯ ಸೆರಗಿನಲ್ಲಿ ಪಿನ್ನು ಕಿತ್ತು ಬಟ್ಟೆ ಗೇಣುದ್ದ ಹರಿದಿತ್ತು. ಅವಳಿಗೆ ಅದಿನ್ನೂ ಗೊತ್ತಿರಲಿಲ್ಲ.